ಅದರದೇ ನೂಲು

ಕಾರ್ಖಾನೆಯ ಸ್ಟೋರಿನಿಂದ ಅದನ್ನು
ಬನಹಟ್ಟಿಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದೆ.
ಕೂಸಿನಷ್ಟು ಭಾರ. ಪಕ್ಕದ ಹೆಂಗಸು ಕೇಳಿದಳು:
ಥಂಡಿ ಇನ್ನೂ ದೂರ ಐತಲ್ಲ ತಂಗಿ,
ಇಷ್ಟು ದಪ್ಪ ಕೋಟು ಯಾರಿಗೆ?

ನನಗೆ, ಅನ್ನಲಿಲ್ಲ.

ಅವ್ವ ಮಗ್ಗ ನಿಲ್ಲಿಸಿ ಬಂದಳು.
ನಲವತ್ತು ವರ್ಷ ಸೀರೆ ನೇಯ್ದ ಬೆರಳು
ಮೊದಲು ಅಂಚಿಗೆ ಹೋಗುತ್ತದೆ.
ತಿರುವಿ, ಹಿಚುಕಿ, ಕೆನ್ನೆಗೆ ಹಚ್ಚಿ,
ಹತ್ತಿ ಅಲ್ಲ. ರೇಷ್ಮಿ ಅಲ್ಲ. ಚಮಕಾನೂ ಅಲ್ಲ.
ಒಳಗಿನ ಚೀಟಿ ಓದು ಅಂದಳು.
ನಲವತ್ತು ಕ್ಯಾಲರಿ.
'ಅದು ಉಣ್ಣೂ ಲೆಕ್ಕ ಅಲ್ಲೇನ?'

ಉಣ್ಣೂದ ಅವ್ವ, ಬೆಂಕಿ ಉಣ್ಣೂದು.
ಉಗುರಗಲ ಚರ್ಮ ಸುಡಾಕ ಒಂದೂಕಾಲು ಸಾಕು,
ಇದು ನಲವತ್ತು ತಡೀತೈತಿ.

ನಂಬಲಿಲ್ಲ.
ನೇಕಾರರು ಚೀಟಿ ನಂಬುವುದಿಲ್ಲ, ಕಡ್ಡಿ ಗೀರುತ್ತಾರೆ.
ಸಾವುಕಾರ ಕೊಟ್ಟ ನೂಲಿನ ಸುಳ್ಳು ಹಿಡಿಯುವುದು ಹೀಗೇ:
ಸುಟ್ಟ ಕೂದಲ ನಾತ ಬಂದರೆ ರೇಷ್ಮೆ,
ಕಾಗದದ ಬೂದಿಯಂತೆ ಉದುರಿದರೆ ಹತ್ತಿ,
ಕರಗಿ, ಮಣಿಯಾಗಿ, ಬೆರಳಿಗೆ ಅಂಟಿದರೆ
ಮೋಸ.

ಆ ಮಣಿ ನನಗೆ ಗೊತ್ತು.
ರಾಜೇಸಾಬ ನದಾಫ, ನನಗಿಂತ ಮೊದಲು ಈ ಪಾಳಿಯಲ್ಲಿದ್ದವ,
ಹತ್ತಿ ಹಿಂಜುವ ಮನೆತನದ ಮಗ,
ಆವತ್ತು ಹಬ್ಬಕ್ಕೆ ಹೊಲಿಸಿದ ಪಾಲಿಸ್ಟರ್ ಅಂಗಿ ತೊಟ್ಟಿದ್ದ.
ಹನ್ನೊಂದು ಸಾವಿರ ವೋಲ್ಟಿನ ಪ್ಯಾನೆಲ್ಲಿಗೆ
ಬ್ರೇಕರ್ ಸರಿಸುವಾಗ ಒಂದು ಬೆಳಕು.
ಸದ್ದು ಆಮೇಲೆ ಬಂತಂತೆ,
ಊಟ ಮುಗಿದ ಮೇಲೆ ಬಂದ ಬೀಗರ ಹಾಗೆ.
ಕರೆಂಟು ಅವನನ್ನು ಮುಟ್ಟಲೇ ಇಲ್ಲ.
ಮುಟ್ಟಿದ್ದು ಅಂಗಿ.
ಈಗ ಗೇಟಿನಲ್ಲಿ ಕೂತು ಕಬ್ಬಿನ ಗಾಡಿಗಳಿಗೆ
ಎಡಗೈಯಿಂದ ಟೋಕನ್ ಕೊಡುತ್ತಾನೆ,
ಬೇಸಿಗೆಯಲ್ಲೂ ಕುತ್ತಿಗೆಯ ಗುಂಡಿ ಬಿಚ್ಚುವುದಿಲ್ಲ.

ಅವ್ವ ಒಳಮಡಿಕೆಯಿಂದ ಒಂದೆಳೆ ಕಿತ್ತು ಕಡ್ಡಿ ಗೀರಿದಳು.
ಎಳೆ ಕಪ್ಪಾಯಿತು, ಸೆಟೆಯಿತು.
ಕಡ್ಡಿ ದೂರ ಮಾಡಿದ್ದೇ ಆರಿತು.
ಮತ್ತೊಂದು ಕಡ್ಡಿ. ಮತ್ತೆ ಆರಿತು.
ನಾಲ್ಕನೆಯದಕ್ಕೆ ಸುಟ್ಟದ್ದು ಅವಳ ಹೆಬ್ಬೆರಳು.
'ಎಲಾ ಇದರ!' ಬೆರಳು ಬಾಯಿಗಿಟ್ಟು ನಕ್ಕಳು.

ಆದರೆ ಪ್ಯಾಂಟು ಆರಡಿ ಗಂಡಸಿನದು.
ನನ್ನ ಹಿಮ್ಮಡಿಯ ಕೆಳಗೆ ಒಂದು ಗೇಣು ಹೆಚ್ಚು.
ಹೊಸದು ಬರೆದರೆ ಮೂರು ತಿಂಗಳು, ಅಂದಿದ್ದ ಸ್ಟೋರಿನ ಹೂಗಾರ,
ಮಡಚಿ ಪಿನ್ ಹಾಕ್ಕೋರಿ ಮೇಡಂ.
ಪಿನ್!
ತಾಮ್ರದ ಪಟ್ಟಿಗಳ ಬಾಯಿಯೆದುರು, ಪಿನ್.

ಅವ್ವ ನೈಲಾನ್ ದಾರ ಪೋಣಿಸಿದ್ದಳು. ಬೇಡ ಅಂದೆ.
ದಾರ ಕರಗಿದರ ಹೊಲಿಗಿ ಬಾಯಿ ಬಿಡತೈತಿ.
ಸೂಜಿ ಹಿಡಿದು ಸುಮ್ಮನೆ ಕೂತಳು.
ಆಮೇಲೆ ಹೆಚ್ಚಾದ ಗೇಣನ್ನು ಕತ್ತರಿಸಿ
ಬಿಚ್ಚತೊಡಗಿದಳು,
ಹೊಕ್ಕು ಒಂದು ಕಡೆ, ಹಾಸು ಒಂದು ಕಡೆ.
ಎರಡು ತಾಸು, ಮಗ್ಗದ ಸದ್ದಿಲ್ಲದ ಮನೆ.
ಎಳೆಗಳ ಕೂಡಿಸಿ ತೊಡೆಯ ಮೇಲೆ ಹೊಸೆದು,
'ಅದರದ ನೂಲು ಅದಕ್ಕ' ಅಂದಳು, ನನಗಲ್ಲ, ಸೂಜಿಗೆ.

ಸೋಮವಾರ ಮೂಗುಬೊಟ್ಟು ಬಿಚ್ಚಿ ಡಬ್ಬಿಗೆ ಹಾಕಿದೆ.
ರಬ್ಬರಿನ ಕೈಚೀಲದ ಬಾಯಿ ಸುರುಳಿ ಸುತ್ತಿ,
ಉಬ್ಬಿದ ಬೆರಳುಗಳನ್ನು ಕಿವಿಗೆ ಹಿಡಿದೆ:
ಗಾಳಿ ಸೋರುತ್ತಿಲ್ಲ.
ಹೂಗಾರ ನನ್ನ ಕಾಲು ನೋಡಿದ:
ಇದಕ್ಕ ಕಂಪನಿ ಒಪ್ಪಿಗಿ ಇಲ್ಲರಿ.
ಇಲ್ಲ ಅಂತನ ಬರಕೋ.
ಹೊಲಿದವರು ದಾನವ್ವ ಕೊಣ್ಣೂರ, ಬನಹಟ್ಟಿ. ಅದನ್ನೂ ಬರಕೋ.

ಮುಸುಕಿನೊಳಗೆ ನನ್ನ ಉಸಿರೇ ನನಗೆ ದೊಡ್ಡದು.
ಹಸಿರು ಗಾಜಿನಾಚೆ ಪ್ಯಾನೆಲ್ಲು
ಎದೆಯೆತ್ತರದ ಕಬ್ಬಿನೊಳಗೆ ನಿಂತಂತೆ.
ಹಿಡಿಕೆ ತಿರುವಿದೆ, ಒಂಬತ್ತು, ಹತ್ತು, ಹನ್ನೊಂದು ಸುತ್ತು.
ಕಟಕ್.
ಆಚೆ ಎಲ್ಲೋ ಮಿಲ್ಲು ಅರೆಯತೊಡಗಿತು.

ರಾತ್ರಿ ಅವ್ವನ ಬುಟ್ಟಿಯಲ್ಲಿ
ಕೆಂಪು ಕಂಡಿಕೆಗಳ ನಡುವೆ ಒಂದು ಕಡುನೀಲಿ ಕಂಡಿಕೆ.
ಉಳಿದ ನೂಲು.
'ಹರಿದರ ಬೇಕಲ್ಲ' ಅಂದಳು.
ಅವಳ ಹೆಬ್ಬೆರಳ ಗುಳ್ಳೆ
ಇನ್ನೂ ಒಡೆದಿರಲಿಲ್ಲ.